ಬರೆಯಲು ಬೇಜಾರು ಮಾಡುವ ಮಗುವಿಗೆ ಮೊದಲು ಒಂದು ಪಾತ್ರ ಕೊಡಿ

ಮಸ್ಕತ್‌ನಲ್ಲಿರುವ ಅಕ್ಕ ಇಲ್ಲಿ ಕೇಳಿದ ಪ್ರಶ್ನೆಗೆ ಸ್ವಲ್ಪ ಉದ್ದದ ಉತ್ತರ ಬರೆಯುತ್ತಿದ್ದೇನೆ. ಮಗ ಮನೆಯಲ್ಲಿ ಬಾಯಿ ಮುಚ್ಚದೆ ಮಾತಾಡುತ್ತಾನೆ, ಸೋಶಿಯಲ್ ಇರಲಿ ಸೈನ್ಸ್ ಇರಲಿ, ಬರೆಯಲು ಕೂತರೆ ಎರಡು ಸಾಲಿಗೇ ಪೆನ್ ಕೆಳಗಿಡುತ್ತಾನೆ ಅಂದಿದ್ದೀರಿ. ಗಲ್ಫ್‌ನಿಂದ ಉಡುಪಿಗೆ ವಾಪಸ್ ಬಂದ ಮೇಲೆ ನಾನು ಸಂಜೆ ಹೊತ್ತು ಅಕ್ಕಪಕ್ಕದ ಮಕ್ಕಳಿಗೆ ಪಾಠ ಹೇಳುತ್ತೇನೆ. ಅವರಲ್ಲೂ ಇಂಥವರೇ ಜಾಸ್ತಿ. ಮಾತಿಗೆ ಏನೂ ಕೊರತೆ ಇಲ್ಲ. ಆದರೆ ಟೀಚರಿಗೆ ಮೊದಲೇ ಗೊತ್ತಿರುವ ಉತ್ತರವನ್ನು ಟೀಚರಿಗೇ ಬರೆದು ಕೊಡಲು ಯಾವ ಮಗುವಿಗೆ ಉಮೇದು ಬರುತ್ತದೆ ಹೇಳಿ? ಅದಕ್ಕೇ ನಾನು ಪಾಠವನ್ನು ಮೊದಲು ಆಡಿಸುತ್ತೇನೆ, ಆಮೇಲೆ ಬರೆಸುತ್ತೇನೆ.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಮೀನು ಹಿಡಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಬಿರುಸು. ನೀವು ಜುಲೈ ರಜೆಯಲ್ಲಿ ಬಂದಾಗ ಉಡುಪಿಯ ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತದ್ದನ್ನು ಮಕ್ಕಳು ನೋಡಿಯೇ ಇರುತ್ತಾರೆ. ಇದನ್ನೇ ಆಡಿಸಿ. ಒಬ್ಬ ಬೋಟಿನ ಮಾಲೀಕ, ಬ್ಯಾಂಕಿಗೆ ಕಂತು ಕಟ್ಟಬೇಕು. ಒಬ್ಬ ನಾಡದೋಣಿಯವ, ನಿಷೇಧ ಅವನಿಗೆ ಇಲ್ಲ, ಇದೇ ಅವನ ದುಡಿಮೆಯ ಕಾಲ. ಒಬ್ಬಳು ಮೀನು ಮಾರುವವಳು. ಇನ್ನೊಬ್ಬಳು ಮೀನುಗಾರಿಕೆ ಇಲಾಖೆಯ ಅಧಿಕಾರಿ. ನಿಷೇಧವನ್ನು ಇನ್ನೂ ಹದಿನೈದು ದಿನ ಮುಂದುವರಿಸಬೇಕಾ ಬೇಡವಾ ಎಂದು ಬಂದರಿನಲ್ಲಿ ಸಭೆ ಸೇರಿದೆ. ಮಾತನ್ನು ನಾನು ಬರೆದು ಕೊಡುವುದಿಲ್ಲ. ಸ್ವಲ್ಪ ಹೊತ್ತಿಗೆ ಜಗಳ ಶುರುವಾಗುತ್ತದೆ. ಅದು ಬಿಸಿಯಾಗಿರುವಾಗಲೇ ನಿಲ್ಲಿಸಿ, ‘ಈಗ ನಿಮ್ಮ ನಿಮ್ಮ ಮನವಿಯನ್ನು ಇಲಾಖೆಗೆ ಬರೆದು ಕೊಡಿ’ ಅನ್ನುತ್ತೇನೆ. ಆಗ ಪೆನ್ ಓಡುತ್ತದೆ. ಎದುರಿನವನ ಮಾತಿಗೆ ಉತ್ತರ ಕೊಡಲೇಬೇಕೆಂಬ ಹಟ ಹುಟ್ಟಿರುತ್ತದೆ.

ನಾಚಿಕೆಯ ಮಗುವನ್ನು ದಯವಿಟ್ಟು ಪಾತ್ರಕ್ಕೆ ತಳ್ಳಬೇಡಿ. ಸಭೆಯ ನಡಾವಳಿ ಬರೆಯುವ ಕೆಲಸ ಕೊಡಿ. ಯಾರು ಏನು ಹೇಳಿದರೆಂದು ಅಂಥ ಮಕ್ಕಳಷ್ಟು ಗಮನವಿಟ್ಟು ಕೇಳುವವರು ಬೇರೆ ಇಲ್ಲ.

ನಮ್ಮ ಊರಿಗೆ ಇದು ಹೊಸತೇನಲ್ಲ, ಅಲ್ವಾ? ತಾಳಮದ್ದಳೆ ಅಂದರೆ ಕೂತು ಮಾತಾಡುವ ಯಕ್ಷಗಾನ, ಅದರಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಪಾತ್ರ ವಹಿಸಿದ ಅರ್ಥಧಾರಿ ಕೂತಲ್ಲೇ ಮಾತು ಕಟ್ಟುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾಕೆ ಎಂದು ವಾಲಿ ಕೇಳಿದರೆ ರಾಮ ಅಲ್ಲೇ ಉತ್ತರ ಹುಡುಕಬೇಕು. ವಾಲಿಯಾಗಿ ಶೇಣಿ ಗೋಪಾಲಕೃಷ್ಣ ಭಟ್ಟರಂಥ ಹೆಸರಾಂತ ಅರ್ಥಧಾರಿ ಎದುರು ಕೂತರೆ ಆ ಉತ್ತರ ಎಷ್ಟು ಗಟ್ಟಿ ಇರಬೇಕು ಯೋಚಿಸಿ. ಆದರೂ ಕಥೆ ಬದಲಿಸುವ ಹಾಗಿಲ್ಲ, ಪದದ ಚೌಕಟ್ಟಿನೊಳಗೇ ಮಾತು. ಪಾಠಪುಸ್ತಕವನ್ನು ನಾನು ಹೀಗೇ ಬಳಸುತ್ತೇನೆ. ಸಂಗತಿ ಪುಸ್ತಕದ್ದು, ಮಾತು ಮಗುವಿನದು. ವಾರ್ಷಿಕೋತ್ಸವದ ನಾಟಕದಿಂದ ಸಭಾಕಂಪನ ಹೋಗುತ್ತದೆ, ಉಚ್ಚಾರ ಸುಧಾರಿಸುತ್ತದೆ. ಬಾಯಿಪಾಠದ ಮಾತಿನಿಂದ ಬರವಣಿಗೆ ಬರುವುದನ್ನು ಮಾತ್ರ ನಾನು ಕಂಡಿಲ್ಲ.

ಮನೆಯಲ್ಲಿ ಒಂದೇ ಮಗು ಅನ್ನುವವರಿಗೂ ದಾರಿ ಉಂಟು. ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್ (1926–2011) ನಾಟಕದ ಮೂಲಕ ಪಾಠ ಕಲಿಸಿ ಹೆಸರಾದವರು. ಅವರ ಕ್ರಮದಲ್ಲಿ ಟೀಚರೂ ಒಂದು ಪಾತ್ರ ಮಾಡುತ್ತಾರೆ, ಮಕ್ಕಳನ್ನು ಆ ವಿಷಯದ ತಜ್ಞರೆಂದೇ ನಡೆಸಿಕೊಳ್ಳುತ್ತಾರೆ. ತಜ್ಞರಾದ ಮೇಲೆ ಪತ್ರ, ವರದಿ ಬರೆಯಲೇಬೇಕಲ್ಲ! ಹಾಗೆಯೇ ನೀವು ಏನೂ ಗೊತ್ತಿಲ್ಲದ ಪ್ರವಾಸಿಯಾಗಿ, ಮಗ ಮಲ್ಪೆ ಹತ್ತಿರದ ಸೇಂಟ್ ಮೇರಿಸ್ ದ್ವೀಪದ ಕಂಬದಂಥ ಕಲ್ಲಾಗಲಿ. ಮಳೆಗಾಲದಲ್ಲಿ ಅಲ್ಲಿಗೆ ಬೋಟ್ ಇಲ್ಲ, ಫೋಟೋ ಸಾಕು. ‘ನಿನ್ನನ್ನು ಯಾರಪ್ಪ ಕೆತ್ತಿದ್ದು?’ ಯಾರೂ ಕೆತ್ತಿಲ್ಲ, ಲಾವಾ ಆರುವಾಗ ಕುಗ್ಗಿ, ಬಿರುಕು ಬಿಟ್ಟು ಕಂಬಗಳಾದವು ಎಂದು ಅವನು ಹೇಳಬೇಕು. ‘ಎಲ್ಲ ಕಂಬಕ್ಕೂ ಆರೇ ಮುಖವಾ?’ ಇಲ್ಲ, ಐದು, ಏಳು ಮುಖದವೂ ಉಂಟು. ಉತ್ತರ ಸಿಗದಿದ್ದರೆ ತಾನಾಗಿ ಪುಸ್ತಕ ತೆರೆಯುತ್ತಾನೆ. ಕೊನೆಗೆ ದ್ವೀಪಕ್ಕೆ ಬರುವವರು ಓದಲು ಒಂದು ಫಲಕ ಬರೆಯಲಿ.

ಗಣಿತಕ್ಕೆ ನಾನು ಇದನ್ನು ಜಾಸ್ತಿ ಬಳಸುವುದಿಲ್ಲ. ಲೆಕ್ಕದ ಹಂತಗಳನ್ನು ತಂಗಿಗೆ ಅರ್ಥವಾಗುವ ಹಾಗೆ ಬರೆದರೆ ಸಾಕು.

ಯಾವ ಭಾಷೆಯಲ್ಲಿ ಅಂತ ಕೆಲವರು ಕೇಳಿದ್ದೀರಿ. ಆಟ ಕನ್ನಡದಲ್ಲೇ ಆಗಲಿ, ತುಳು ಕೊಂಕಣಿ ಆದರೂ ಸರಿ. ಬರವಣಿಗೆ ಶಾಲೆಯ ಭಾಷೆಯಲ್ಲಿ ಇರಲಿ. ಕನ್ನಡ ಅಕ್ಷರ ಗೊತ್ತಿರುವ ಮಕ್ಕಳು ಅದೇ ಫಲಕವನ್ನು ಕನ್ನಡದಲ್ಲೂ ಬರೆದು ಊರಿನ ಅಜ್ಜಿಗೆ ವಾಟ್ಸಾಪ್ ಮಾಡಲಿ. ಮೊದಲ ಸಲ ಬರೆಯುವಾಗ ಕಾಗುಣಿತ ತಿದ್ದಲು ಹೋಗಬೇಡಿ, ಸುಮ್ನೆ ಬಿಡಿ. ಓದಿ ಹೇಳಿಸಿದ ಮೇಲೆ ತಿದ್ದಿದರಾಯಿತು.

ಪರೀಕ್ಷೆಗೆ ಇದರಿಂದ ಏನು ಬಂತು ಅನ್ನುವವರು ಪ್ರಶ್ನೆಪತ್ರಿಕೆಯ ‘ಕಾರಣ ಕೊಡಿ’ ಭಾಗ ನೋಡಿ. ಬಂದರಿನ ಸಭೆಯಲ್ಲಿ ಮಗು ಮಾಡಿದ್ದು ಅದನ್ನೇ.

ಜುಲೈ, ಆಗಸ್ಟ್‌ನಲ್ಲಿ ಊರಿಗೆ ಬರುವವರು ಮಗುವಿನ ತರಗತಿ ಮತ್ತು ಪಾಠದ ಹೆಸರನ್ನು ಇಲ್ಲಿ ಕೆಳಗೆ ಬರೆಯಿರಿ. ಯಾವ ಪಾಠಕ್ಕೆ ಯಾವ ಪಾತ್ರ ಅಂತ ಒಟ್ಟಿಗೆ ಯೋಚಿಸುವ.