ಸೋಯಾ ಎಣ್ಣೆ, ಬಿಸ್ಕತ್ತಿನ 322, ಅತ್ತೆಯವರ ಥೈರಾಯ್ಡ್ ಗುಳಿಗೆ: ಡಯಟಿಷಿಯನ್ ಉತ್ತರಗಳು

ಪ್ರಶ್ನೆ (ಬೈಲಹೊಂಗಲದಿಂದ):

ನಮಸ್ಕಾರ ರೀ ಮೇಡಮ್. ನಮ್ಮದು ಎರಡು ಎಕರೆ ಸೋಯಾಬೀನ್ ಇದೆ. ಅಡುಗೆಗೂ ಸೋಯಾಬೀನ್ ರಿಫೈಂಡ್ ಎಣ್ಣೆಯನ್ನೇ ತರುತ್ತೇವೆ. 5 ಲೀಟರ್ ಕ್ಯಾನ್, ನಾಲ್ಕು ಮಂದಿಗೆ ಒಂದು ತಿಂಗಳು ಬರುತ್ತದೆ. ಮೊನ್ನೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂತು. ಸೋಯಾ ಎಣ್ಣೆ ಹಾರ್ಟಿಗೆ ವಿಷ, ಸೋಯಾ ಲೆಸಿಥಿನ್ ಮಕ್ಕಳಿಗೆ ಕೆಟ್ಟದ್ದು ಅಂತ. ಮಗನ ಬಿಸ್ಕತ್ ಪಾಕೀಟು ತಿರುವಿ ನೋಡಿದೆ, ಹಿಂದೆ ‘ಇಮಲ್ಸಿಫೈಯರ್ 322’ ಅಂತ ಇದೆ. ನಮ್ಮ ಅತ್ತೆಯವರು ಥೈರಾಯ್ಡ್ ಗುಳಿಗೆ ತಗೊಳ್ತಾರೆ. ಅವರಿಗೆ ಸೋಯಾ ನಡೆಯುತ್ತದಾ? ನಾವು ಬೆಳೆದದ್ದನ್ನ ನಾವೇ ತಿನ್ನಬಾರದು ಅಂದ್ರೆ ಹೇಗೆ ರೀ?

ಉತ್ತರ (ಡಯಟಿಷಿಯನ್, ಬೆಳಗಾವಿ):

ನಮಸ್ಕಾರ ರೀ ಅಕ್ಕಾ. ಧೈರ್ಯವಾಗಿ ತಿನ್ನಿ. ಆದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಚಿಂತೆ ಹಚ್ಚಿದ್ದು ಸೋಯಾ ಅಲ್ಲ, ಆ 5 ಲೀಟರ್.

ಲೆಕ್ಕ ಹಾಕೋಣ. 5 ಲೀಟರ್ ಎಣ್ಣೆ ಅಂದ್ರೆ ಸುಮಾರು ನಾಲ್ಕೂವರೆ ಕಿಲೋ. ನಾಲ್ಕು ಮಂದಿ, 30 ದಿನ. ಒಬ್ಬರ ಪಾಲಿಗೆ ದಿನಕ್ಕೆ 38 ಗ್ರಾಂ ಬಂತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಕೊಟ್ಟ ಊಟದ ತಟ್ಟೆಯ ಲೆಕ್ಕದಲ್ಲಿ, 2000 ಕ್ಯಾಲೊರಿ ಊಟಕ್ಕೆ ಎಣ್ಣೆ, ತುಪ್ಪ ಸೇರಿ 27 ಗ್ರಾಂ. ನಿಮ್ಮ ಮನೆಗೆ ತಿಂಗಳಿಗೆ ಮೂರೂವರೆ ಲೀಟರ್ ಸಾಕು. ಹೊರಗೆ ತಿನ್ನುವ ಭಜಿ, ಚುರುಮುರಿ ಇದರಲ್ಲಿ ಸೇರಿಲ್ಲ. ಯಾವ ಎಣ್ಣೆಯಾದರೂ ಒಂದು ಗ್ರಾಂಗೆ 9 ಕ್ಯಾಲೊರಿ. ಗಾಣದ್ದಾದರೂ ಅಷ್ಟೇ, ರಿಫೈಂಡ್ ಆದರೂ ಅಷ್ಟೇ.

ಇನ್ನು ಆ ಮೆಸೇಜಿನ ಮಾತು. ಸೋಯಾ ಎಣ್ಣೆಗೆ ಕೆಟ್ಟ ಹೆಸರು ಬರಲು ಒಂದು ಕಾರಣ ಇತ್ತು. ಅಮೆರಿಕದಲ್ಲಿ ಈ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡಿ ಬೇಕರಿಗೆ ಬಳಸುತ್ತಿದ್ದರು. ಪೂರ್ತಿ ಗಟ್ಟಿ ಮಾಡದೆ ಅರ್ಧಕ್ಕೆ ಬಿಟ್ಟಾಗ ಟ್ರಾನ್ಸ್ ಫ್ಯಾಟ್ ಹುಟ್ಟುತ್ತದೆ. ಹಾರ್ಟಿಗೆ ನಿಜವಾಗಿ ಕೆಟ್ಟದ್ದು ಅದು. ನಮ್ಮಲ್ಲಿ ವನಸ್ಪತಿ ಅಂತೀವಲ್ಲ, ಅದರದ್ದೂ ಇದೇ ಕಥೆ. ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ, ಕೊಬ್ಬುಗಳಲ್ಲಿ ಟ್ರಾನ್ಸ್ ಫ್ಯಾಟ್ ಶೇ. 2ಕ್ಕಿಂತ ಜಾಸ್ತಿ ಇರಬಾರದು ಅಂತ ನಿಯಮ ಇದೆ. ನಿಮ್ಮ ಕ್ಯಾನಿನ ತೆಳು ಎಣ್ಣೆ ಬೇರೆ, ಆ ಗಟ್ಟಿ ಕೊಬ್ಬು ಬೇರೆ.

ತೆಳು ಸೋಯಾ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಮೆಗಾ-6, ಸುಮಾರು ಶೇ. 7 ಒಮೆಗಾ-3 (ಎರಡೂ ಮೈಗೆ ಬೇಕಾದ ಕೊಬ್ಬಿನ ಬಗೆಗಳು), ತುಪ್ಪದಲ್ಲಿ ಜಾಸ್ತಿ ಇರುವಂಥ ಸ್ಯಾಚುರೇಟೆಡ್ ಕೊಬ್ಬು ಸುಮಾರು ಶೇ. 15. ಒಮೆಗಾ-6 ಮೈಯಲ್ಲಿ ಉರಿಯೂತ ಎಬ್ಬಿಸುತ್ತದೆ ಅಂತ ಬಹಳ ಮಂದಿ ಹೇಳುತ್ತಾರೆ. ಜನರಿಗೆ ತಿನ್ನಿಸಿ ನೋಡಿದ ಅಧ್ಯಯನಗಳಲ್ಲಿ ಹಾಗೆ ಕಂಡಿಲ್ಲ. ತುಪ್ಪ, ವನಸ್ಪತಿಯ ಜಾಗದಲ್ಲಿ ಇಂಥ ಎಣ್ಣೆ ಬಂದರೆ ಕೆಟ್ಟ ಕೊಲೆಸ್ಟರಾಲ್ ಇಳಿಯುತ್ತದೆ.

ಹಾಗಂತ ವರ್ಷಪೂರ್ತಿ ಅದೊಂದೇ ಬೇಡ. ಶೇಂಗಾ ಎಣ್ಣೆಯಲ್ಲಿ, ವಿಜಯಪುರದ ಕಡೆಯ ಕುಸುಬಿ ಎಣ್ಣೆಯಲ್ಲಿ ಒಮೆಗಾ-3 ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಆದರೆ ಶೇಂಗಾದಲ್ಲಿ ಸೋಯಾಕ್ಕಿಂತ ಮೊನೊ ಕೊಬ್ಬು (ಮೊನೊಅನ್‌ಸ್ಯಾಚುರೇಟೆಡ್, ಹಾರ್ಟಿಗೆ ಒಳ್ಳೆಯ ಇನ್ನೊಂದು ಬಗೆ) ಜಾಸ್ತಿ. ಒಂದು ತಿಂಗಳು ಅದು, ಒಂದು ತಿಂಗಳು ಇದು ಅಂತ ಬದಲಿಸಿ. ಜೊತೆಗೆ ರೊಟ್ಟಿಗೆ ದಿನಾ ಒಂದು ಚಮಚ ಅಗಸಿ ಚಟ್ನಿ ಹಚ್ಚಿಕೊಳ್ಳಿ. ಅಗಸಿಯಷ್ಟು ಒಮೆಗಾ-3 ನಮ್ಮ ಅಡುಗೆಮನೆಯ ಬೇರೆ ಕಾಳಿನಲ್ಲಿ ಸಿಗುವುದಿಲ್ಲ.

322 ಅಂದ್ರೆ ಲೆಸಿಥಿನ್. ಹಸಿ ಸೋಯಾ ಎಣ್ಣೆಗೆ ನೀರು ಬೆರೆಸಿದಾಗ ಗೋಂದಿನಂಥ ಅಂಶ ಬೇರೆಯಾಗುತ್ತದೆ. ಅದನ್ನು ಒಣಗಿಸಿದರೆ ಲೆಸಿಥಿನ್. ಮೊಟ್ಟೆಯ ಹಳದಿಯಲ್ಲೂ ಲೆಸಿಥಿನ್ ಇದೆ. ನೀರು, ಕೊಬ್ಬು ಹೊಂದಿಕೊಳ್ಳಲಿ ಅಂತ ಬಿಸ್ಕತ್ತಿಗೆ, ಚಾಕಲೇಟಿಗೆ ಚಿಟಿಕೆಯಷ್ಟು ಹಾಕುತ್ತಾರೆ. ಸೋಯಾ ಅಲರ್ಜಿ ಇದ್ದ ಮಗು ಮಾತ್ರ ಎಚ್ಚರ ಇರಬೇಕು. ಅದಕ್ಕಾಗಿಯೇ ಸೋಯಾ ಇದೆ ಅಂತ ಪಾಕೀಟಿನ ಮೇಲೆ ಬರೆಯುವುದು ಕಡ್ಡಾಯ. ಆ ಪಾಕೀಟನ್ನು ಇನ್ನೊಮ್ಮೆ ತಿರುವಿ, ಮೊದಲ ಮೂರು ಹೆಸರು ಓದಿ. ಜಾಸ್ತಿ ಇದ್ದದ್ದು ಮೊದಲು ಬರುತ್ತದೆ. ಮೈದಾ, ಸಕ್ಕರೆ, ಪಾಮ್ ಎಣ್ಣೆ ಇರುತ್ತದೆ ನೋಡಿ. ಮಗನಿಗೆ ಬಿಸ್ಕತ್ ಕಡಿಮೆ ಮಾಡಬೇಕಾದದ್ದು ಆ ಮೂರರ ಸಲುವಾಗಿ.

ಅತ್ತೆಯವರಿಗೆ ಸೋಯಾ ಎಣ್ಣೆಯಿಂದ ಥೈರಾಯ್ಡಿಗೆ ತೊಂದರೆ ಇಲ್ಲ. ಥೈರಾಯ್ಡ್ ವಿಷಯದಲ್ಲಿ ಹೆಸರು ಕೇಳಿಬರುವ ಅಂಶಗಳು ಎಣ್ಣೆ ತೆಗೆದ ಹಿಂಡಿಯಲ್ಲೇ ಉಳಿಯುತ್ತವೆ. ಸೋಯಾ ಹಾಲು, ಸೋಯಾ ಚಂಕ್ಸ್ ಮಾತ್ರ ಗುಳಿಗೆ ಮೈಗೆ ಹತ್ತುವುದನ್ನು ತಡೆಯಬಹುದು. ಬೆಳಿಗ್ಗೆ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಗುಳಿಗೆ ಕೊಡಿ. ಚಹಾ ಅರ್ಧ ತಾಸಿನಿಂದ ಒಂದು ತಾಸು ಬಿಟ್ಟು. ಸೋಯಾ ತಿನಿಸು ಮಧ್ಯಾಹ್ನದ ಊಟಕ್ಕೆ ಇರಲಿ. ಉಪ್ಪು ಅಯೋಡಿನ್ ಇರುವುದೇ ತನ್ನಿ. ನಮ್ಮ ಅತ್ತೆಯವರದ್ದೂ ಇದೇ ಗುಳಿಗೆ. ದೇವರ ಮುಂದೆ ದೀಪ ಹಚ್ಚುವ ಮೊದಲೇ ನುಂಗಿಬಿಡುತ್ತಾರೆ, ಮರೆಯುವುದೇ ಇಲ್ಲ.

ಪ್ರಶ್ನೆ (ಹುಕ್ಕೇರಿಯಿಂದ):

ಅಕ್ಕಾ, ಚಪಾತಿಗೆ ಶಕ್ತಿ ಬರಲಿ ಅಂತ ಗೋಧಿ ಜೊತೆ ಸೋಯಾಬೀನ್ ಹಾಕಿ ಗಿರಣಿಯಲ್ಲಿ ಬೀಸಿಸಿಕೊಂಡು ಬಂದೆ. ಚಪಾತಿ ಹಸಿ ವಾಸನೆ ಹೊಡೆಯುತ್ತದೆ, ಮಕ್ಕಳಿಗೆ ಹೊಟ್ಟೆ ಉಬ್ಬುತ್ತದೆ. ಎಲ್ಲಿ ತಪ್ಪಿತು?

ಉತ್ತರ:

ವಿಚಾರ ಒಳ್ಳೆಯದೇ ತಂಗೀ. ಸೋಯಾಬೀನ್‌ನಲ್ಲಿ ಶೇ. 40ರಷ್ಟು ಪ್ರೋಟೀನ್ ಇದೆ, ತೊಗರಿಬೇಳೆಗಿಂತ ಬಹಳ ಜಾಸ್ತಿ. ಆದರೆ ಹಸಿ ಕಾಳಿನಲ್ಲಿ ಪ್ರೋಟೀನ್ ಜೀರ್ಣ ಆಗದಂತೆ ತಡೆಯುವ ಒಂದು ಅಂಶವೂ ಇದೆ. ಅದು ಕುದಿಸಿದರೆ ಹೋಗುತ್ತದೆ, ಬೀಸಿದರೆ ಹೋಗುವುದಿಲ್ಲ. ಹಂಚಿನ ಮೇಲೆ ಚಪಾತಿ ಬೇಯುವ ಎರಡು ನಿಮಿಷ ಅದಕ್ಕೆ ಸಾಲದು.

ಹೀಗೆ ಮಾಡಿ. ನೀರು ಕೊತಕೊತ ಕುದಿಯುವಾಗ ಕಾಳು ಹಾಕಿ, 25 ನಿಮಿಷ ಕುದಿಸಿ, ನೀರು ಬಸಿದುಬಿಡಿ. ಹಳೆಯ ಧೋತ್ರದ ಮೇಲೆ ಹರಡಿ ಬಿಸಿಲಿಗೆ ಒಣಗಿಸಿ. ಹಲ್ಲಿಗೆ ಕಟುಂ ಅನ್ನಬೇಕು, ಅಷ್ಟು ಒಣಗಬೇಕು. ಕೈಯಿಂದ ತಿಕ್ಕಿ ಸಿಪ್ಪೆ ಹಾರಿಸಿ. 9 ಕಿಲೋ ಗೋಧಿಗೆ ಒಂದು ಕಿಲೋ ಸೋಯಾ ಸಾಕು. ಕಾಳಿನಲ್ಲಿ ಶೇ. 20ರಷ್ಟು ಎಣ್ಣೆ ಇರುವುದರಿಂದ ಹಿಟ್ಟು ಬೇಗ ಮುಗ್ಗುತ್ತದೆ. ಹದಿನೈದು ದಿನಕ್ಕೆ ಆಗುವಷ್ಟೇ ಬೀಸಿಸಿ.

ಪ್ರಶ್ನೆ (ಮುಧೋಳದಿಂದ):

ಮೇಡಮ್, ನಾನು ಗರಡಿಗೆ ಹೋಗುತ್ತೇನೆ. ಮಾಂಸ ತಿನ್ನುವುದಿಲ್ಲ, ಸೋಯಾ ಚಂಕ್ಸ್ ತಿನ್ನುತ್ತೇನೆ. ಸೋಯಾ ತಿಂದರೆ ಗಂಡಸರ ಹಾರ್ಮೋನ್ ಕಡಿಮೆ ಆಗುತ್ತದೆ ಅಂತ ಗೆಳೆಯರು ಹೇಳುತ್ತಾರೆ. ನಿಜಾನಾ?

ಉತ್ತರ:

ಇಲ್ಲಪ್ಪಾ. ಸೋಯಾದಲ್ಲಿ ಐಸೊಫ್ಲೇವೋನ್ ಅಂತ ಇದೆ, ಅದರ ರಚನೆ ಹೆಣ್ಣಿನ ಹಾರ್ಮೋನನ್ನು ಸ್ವಲ್ಪ ಹೋಲುತ್ತದೆ. ಹೆದರಿಕೆ ಹುಟ್ಟಿದ್ದು ಅಲ್ಲಿಂದ. ಗಂಡಸರ ಮೇಲೆ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಟೆಸ್ಟೋಸ್ಟೆರಾನ್ ಇಳಿದದ್ದು ಕಂಡಿಲ್ಲ. ಒಣ ಚಂಕ್ಸ್ ದಿನಕ್ಕೆ 30 ಗ್ರಾಂ, ಅಂದ್ರೆ ಒಂದು ಹಿಡಿ. ಅದರಲ್ಲೇ 15 ಗ್ರಾಂ ಪ್ರೋಟೀನ್ ಬಂತು. ಉಳಿದದ್ದು ಹಾಲು, ಮೊಸರು, ಕಡಲೆ, ಮೊಳಕೆ ಹೆಸರುಕಾಳಿನಿಂದ ಬರಲಿ. ಚಂಕ್ಸ್ ಕುದಿಸಿ, ನೀರು ಹಿಂಡಿ ಚೆಲ್ಲಿ, ಆಮೇಲೆ ಪಲ್ಯಕ್ಕೆ ಹಾಕು.

ಮತ್ತೆ ಬೈಲಹೊಂಗಲದಿಂದ:

ಬಹಳ ಉಪಕಾರ ಆಯ್ತು ರೀ. ಕ್ಯಾನ್ ಮೇಲೆ ಇವತ್ತಿನ ತಾರೀಖು ಬರೆದಿದ್ದೇನೆ, ಎಷ್ಟು ದಿನ ಬರುತ್ತದೆ ನೋಡ್ತೇನೆ. ಇನ್ನೊಂದು. ಹಬ್ಬಕ್ಕೆ ಕರಿಗಡುಬು ಕರಿದ ಎಣ್ಣೆ ಡಬ್ಬಿಯಲ್ಲಿ ಉಳಿದಿದೆ. ಚೆಲ್ಲಲಾ?

ಉತ್ತರ:

ಒಂದೇ ಸಲ ಕರಿದದ್ದಾ? ಹಾಗಿದ್ದರೆ ತೆಳು ಬಟ್ಟೆಯಲ್ಲಿ ಸೋಸಿ, ತಳದ ಕರಿ ಹಿಟ್ಟು ಬೇರೆ ಮಾಡಿ, ಎರಡು ಮೂರು ದಿನದೊಳಗೆ ಒಗ್ಗರಣೆಗೆ ಬಳಸಿ ಮುಗಿಸಿ. ಮತ್ತೆ ಕರಿಯಲು ಇಡಬೇಡಿ. ಸೋಯಾ ಎಣ್ಣೆ ಶೇಂಗಾ ಎಣ್ಣೆಗಿಂತ ಬೇಗ ಕೆಡುತ್ತದೆ, ಒಮೆಗಾ-3 ಇರುವುದರಿಂದಲೇ. ಬಣ್ಣ ಚಹಾದ ಡಿಕಾಕ್ಷನ್‌ನಂತೆ ಆಗಿದ್ದರೆ, ಬೆರಳಿಗೆ ಅಂಟಂಟು ಅನಿಸಿದರೆ, ಕಾಸಿದಾಗ ನೊರೆ ಬಂದರೆ ಒಗ್ಗರಣೆಗೂ ಬೇಡ. ಮೋರಿಗೆ ಸುರಿಯಬೇಡಿ, ಕಟ್ಟಿಕೊಳ್ಳುತ್ತದೆ. ಹಳೆ ಪೇಪರ್‌ಗೆ ಹೀರಿಸಿ ಕಸಕ್ಕೆ ಹಾಕಿ.