ಗಿಟ್‌ಲ್ಯಾಬ್ ಎಪಿಐ: ಪ್ರಾಜೆಕ್ಟ್ ಯೂಸರ್ ಪಟ್ಟಿ ಅರ್ಧವೇ ಬರ್ತದೆ, ಫಿಲ್ಟರ್ ಕೆಲಸ ಮಾಡುವುದಿಲ್ಲ

ಕೊಡಿಯಾಲ್‌ಬೈಲ್_ಆಪ್ಸ್ (ಪ್ರಶ್ನೆ)

ಮಂಗಳೂರು, ಉಡುಪಿ ಎರಡೂ ಆಫೀಸಿನ ಕೋಡ್ ಒಂದೇ ಗಿಟ್‌ಲ್ಯಾಬ್ ಸರ್ವರಿನಲ್ಲಿ ಉಂಟು. ಮೇಲೆ "ಕರಾವಳಿ" ಅಂತ ಗ್ರೂಪ್, ಅದರೊಳಗೆ "ಕುಡ್ಲ", "ಉಡುಪಿ" ಅಂತ ಎರಡು ಸಬ್‌ಗ್ರೂಪ್, ಕೆಳಗೆ ಪ್ರಾಜೆಕ್ಟ್‌ಗಳು. ತಿಂಗಳ ಕೊನೆಗೆ ಆಡಿಟ್‌ನವರಿಗೆ ಒಂದು ಸಿಎಸ್‌ವಿ (ಕಾಮಾ ಹಾಕಿ ಬರೆದ ಪಟ್ಟಿ ಫೈಲ್) ಕೊಡಬೇಕು: ಬಿಲ್ಲಿಂಗ್ ಪ್ರಾಜೆಕ್ಟಿಗೆ ಕೋಡ್ ಪುಶ್ ಮಾಡಬಲ್ಲವರು, ಅಂದರೆ ಸರ್ವರಿಗೆ ಕೋಡ್ ಕಳಿಸಬಲ್ಲವರು, ಯಾರ್ಯಾರು. ಅಂದರೆ ಡೆವಲಪರ್ ಮತ್ತು ಅದರ ಮೇಲಿನ ರೋಲ್, ಅಕೌಂಟ್ ಆ್ಯಕ್ಟಿವ್ ಇರುವವರು ಮಾತ್ರ.

ಎಪಿಐಯಲ್ಲಿ (ಸ್ಕ್ರಿಪ್ಟ್‌ನಿಂದ ಸರ್ವರನ್ನು ಕೇಳುವ ದಾರಿ) /ಪ್ರಾಜೆಕ್ಟ್ಸ್/118/ಯೂಸರ್ಸ್ ಕರೆದೆ, 118 ಆ ಪ್ರಾಜೆಕ್ಟಿನ ಐಡಿ. 20 ಜನ ಬಂದರು. ವೆಬ್ ಪೇಜಿನಲ್ಲಿ 63 ತೋರಿಸ್ತದೆ. ರೋಲ್ ಕೂಡ ಬರುವುದಿಲ್ಲ. /ಮೆಂಬರ್ಸ್‌ಗೆ ಬದಲಿಸಿದೆ, ರೋಲ್ ಬಂತು, ಆದರೆ 9 ಜನ ಮಾತ್ರ, ಟೀಮ್ ಲೀಡ್‌ಗಳೇ ಇಲ್ಲ! ಯುಆರ್‌ಎಲ್‌ಗೆ ಆಕ್ಸೆಸ್_ಲೆವೆಲ್=30 ಸೇರಿಸಿದರೆ ಎಂತ ವ್ಯತ್ಯಾಸವೂ ಇಲ್ಲ, ಎರರೂ ಇಲ್ಲ. ಹೆಸರು ಹುಡುಕುವ ಕ್ವೆರಿ ಪ್ಯಾರಾಮೀಟರಿನಲ್ಲಿ ಡಿ'ಸೋಜ ಅಂತ ಹಾಕಿದರೆ ಟರ್ಮಿನಲ್ ಸುಮ್ಮನೆ ನಿಂತುಬಿಡ್ತದೆ. ಎಲ್ಲಿ ತಪ್ಪಿದೆ?

ಮಣಿಪಾಲ_ಬ್ಯಾಕೆಂಡ್

ಮೂರು ವಿಳಾಸ ಉಂಟು, ಮೂರೂ ಬೇರೆ ಬೇರೆ ಪಟ್ಟಿ ಕೊಡ್ತವೆ. ನೀವು ಮೊದಲ ಎರಡನ್ನೇ ತಟ್ಟಿದ್ದೀರಿ.

/ಯೂಸರ್ಸ್ ಐಡಿ, ಹೆಸರು, ಯೂಸರ್‌ನೇಮ್, ಸ್ಟೇಟ್ (ಅಕೌಂಟ್ ಆ್ಯಕ್ಟಿವೋ ಬ್ಲಾಕೋ) ಇಂಥದ್ದು ಕೊಡ್ತದೆ, ರೋಲ್ ಇಲ್ಲ. ಡ್ರಾಪ್‌ಡೌನ್ ತುಂಬಿಸಲು ಸಾಕು, ಆಡಿಟ್‌ಗೆ ಆಗುವುದಿಲ್ಲ. /ಮೆಂಬರ್ಸ್ ಎಂದರೆ ಆ ಪ್ರಾಜೆಕ್ಟಿಗೇ ನೇರವಾಗಿ ಸೇರಿಸಿದವರು. ನಿಮ್ಮ ಲೀಡ್‌ಗಳನ್ನು "ಕರಾವಳಿ" ಅಥವಾ "ಉಡುಪಿ" ಗ್ರೂಪಿಗೆ ಸೇರಿಸಿರಬೇಕು, ಹಾಗಾಗಿ ಅಲ್ಲಿ ಕಾಣುವುದಿಲ್ಲ. ನಿಮಗೆ ಬೇಕಾದ್ದು /ಮೆಂಬರ್ಸ್/ಆಲ್. ಮೇಲಿನ ಗ್ರೂಪುಗಳಿಂದ ಇಳಿದು ಬಂದವರೂ, ಗ್ರೂಪ್ ಇನ್ವೈಟ್ ಮೂಲಕ ಬಂದವರೂ ಅದರಲ್ಲಿ ಇರ್ತಾರೆ.

ಒಬ್ಬನೇ ಮನುಷ್ಯ ಪ್ರಾಜೆಕ್ಟಿನಲ್ಲಿ ಡೆವಲಪರ್, ಮೇಲಿನ ಗ್ರೂಪಿನಲ್ಲಿ ಮೇಂಟೇನರ್ ಆಗಿದ್ದರೆ /ಆಲ್ ಅವನನ್ನು ಒಂದೇ ಸಲ, 40 (ಮೇಂಟೇನರ್) ಅಂತ ತೋರಿಸ್ತದೆ. /ಮೆಂಬರ್ಸ್ 30 (ಡೆವಲಪರ್) ಅಂತ ತೋರಿಸ್ತದೆ. ಎರಡೂ ಸರಿಯೇ. ಆಡಿಟ್‌ನವರು ಕೇಳುವುದು ಅವನ ಕೈಯಲ್ಲಿ ನಿಜವಾಗಿ ಎಷ್ಟು ಅಧಿಕಾರ ಉಂಟು ಅಂತ, ಆದ್ದರಿಂದ 40 ಹಿಡಿಯಿರಿ. ಗ್ರೂಪಿನಿಂದಲೇ ಬಂದವರು ಯಾರು ಅಂತ ಪ್ರತ್ಯೇಕ ಬೇಕಾದರೆ /ಆಲ್‌ನ ಐಡಿಗಳಿಂದ /ಮೆಂಬರ್ಸ್‌ನ ಐಡಿಗಳನ್ನು ಕಳೆಯಿರಿ.

ರೋಲಿನ ಸಂಖ್ಯೆಗಳು: ಗೆಸ್ಟ್ 10, ಪ್ಲ್ಯಾನರ್ 15, ರಿಪೋರ್ಟರ್ 20, ಡೆವಲಪರ್ 30, ಮೇಂಟೇನರ್ 40, ಓನರ್ 50. ಈ ವಿಳಾಸಗಳಿಗೆ ರೋಲ್ ಫಿಲ್ಟರ್ ಇಲ್ಲವೇ ಇಲ್ಲ, ಗೊತ್ತಿಲ್ಲದ ಪ್ಯಾರಾಮೀಟರನ್ನು ಸರ್ವರ್ ಮಾತಾಡದೆ ಬಿಟ್ಟುಬಿಡ್ತದೆ. ಅದಕ್ಕೇ ನಿಮಗೆ ಎರರ್ ಬಾರದ್ದು. /ಆಲ್‌ನಲ್ಲಿ ಸ್ಟೇಟ್ ಅಂತ ಒಂದು ಫಿಲ್ಟರ್ ಉಂಟು, ಹೆಸರು ನೋಡಿ ಮೋಸ ಹೋಗಬೇಡಿ: ಅದು ಸದಸ್ಯತ್ವ ಮಂಜೂರಾಗಿದೆಯೋ ಬಾಕಿ ಉಂಟೋ ಅನ್ನುವುದು, ಅದೂ ಪ್ರೀಮಿಯಂ ಅಥವಾ ಅಲ್ಟಿಮೇಟ್ ಲೈಸೆನ್ಸ್ ಇದ್ದರೆ ಮಾತ್ರ. ಬ್ಲಾಕ್ ಆದ ಅಕೌಂಟಿಗೂ ಅದಕ್ಕೂ ಸಂಬಂಧ ಇಲ್ಲ. ಪ್ರತಿಯೊಬ್ಬರ ದಾಖಲೆಯೊಳಗಿನ ಸ್ಟೇಟ್ ಫೀಲ್ಡನ್ನೇ ನೋಡಿ.

ಫಿಲ್ಟರ್ ನಿಮ್ಮ ಕಡೆಯೇ, ಜೆಕ್ಯೂನಲ್ಲಿ, ಅಂದರೆ ಸರ್ವರ್ ಕೊಟ್ಟ ಪಟ್ಟಿಯನ್ನು ಸೋಸುವ ಕಮಾಂಡಿನಲ್ಲಿ (ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಸ್ಪೆಲಿಂಗ್ ಹಾಕಿ):

ಮ್ಯಾಪ್(ಸೆಲೆಕ್ಟ್(.ಆಕ್ಸೆಸ್_ಲೆವೆಲ್ >= 30 ಆ್ಯಂಡ್ .ಸ್ಟೇಟ್ == "ಆ್ಯಕ್ಟಿವ್"))

ಸಮ ಚಿಹ್ನೆ ಮಾತ್ರ ಹಾಕಿದರೆ ಮೇಂಟೇನರ್‌ಗಳು ಬಿಟ್ಟುಹೋಗ್ತಾರೆ. ಅವರೇ ಮುಖ್ಯ ಅಲ್ವಾ ಮಾರಾಯ್ರೇ.

ಟೋಕನ್‌ಗೆ (ಎಪಿಐಗೆ ಪಾಸ್‌ವರ್ಡ್ ಬದಲು ಕೊಡುವ ಕೀಲಿ) ರೀಡ್_ಎಪಿಐ ಸ್ಕೋಪ್, ಅಂದರೆ ಓದುವ ಹಕ್ಕು, ಸಾಕು. ಆದರೆ ಟೋಕನ್ ಯಾರದ್ದೋ ಅವರಿಗೆ ಕಾಣುವಷ್ಟೇ ಪಟ್ಟಿ ಬರ್ತದೆ. ಪ್ರೈವೇಟ್ ಪ್ರಾಜೆಕ್ಟಿಗೆ ಹಕ್ಕೇ ಇಲ್ಲದಿದ್ದರೆ ಬರುವುದು 404, ಆಗ ಐಡಿ ತಪ್ಪು ಅಂತ ತಲೆ ಕೆಡಿಸಿಕೊಳ್ಳಬೇಡಿ.

ಮಲ್ಪೆ_ಸ್ಕ್ರಿಪ್ಟ್

20 ಯಾಕೆ ಅಂತ ಯಾರೂ ಹೇಳಲಿಲ್ಲ. ಪರ್_ಪೇಜ್ (ಒಂದು ಪುಟಕ್ಕೆ ಎಷ್ಟು ದಾಖಲೆ) ಡೀಫಾಲ್ಟ್ 20, ಗರಿಷ್ಠ 100. 100 ಕೊಟ್ಟರೆ 63 ಜನ ಈಗ ಒಂದೇ ಪುಟದಲ್ಲಿ ಬರ್ತಾರೆ, ಆದರೂ ಲೂಪ್ ಹಾಕಿಯೇ ಬರೆಯಿರಿ. ನಾಳೆ ಯಾರೋ ದೊಡ್ಡ ಗ್ರೂಪೊಂದನ್ನು ಇನ್ವೈಟ್ ಮಾಡಿದರೆ 101ನೆಯವನು ಸದ್ದಿಲ್ಲದೆ ಮಾಯ.

ಪುಟ ಮುಗಿಯಿತೋ ಅಂತ ನೋಡಲು ಎಕ್ಸ್-ನೆಕ್ಸ್ಟ್-ಪೇಜ್ ಹೆಡರ್ (ಉತ್ತರದ ಜೊತೆ ಬರುವ ಮಾಹಿತಿ ಸಾಲು, ಮುಂದಿನ ಪುಟದ ಸಂಖ್ಯೆ) ಓದಬೇಕು, ಕೊನೆಯ ಪುಟದಲ್ಲಿ ಅದು ಖಾಲಿ. ಒಟ್ಟು ಸಂಖ್ಯೆ ಹೇಳುವ ಎಕ್ಸ್-ಟೋಟಲ್ ನಂಬಿ ಬರೆಯಬೇಡಿ, ದಾಖಲೆ 10,000 ಮೀರಿದರೆ ಅದನ್ನು ಕಳಿಸುವುದೇ ಇಲ್ಲ. ಬ್ಯಾಶ್‌ನಲ್ಲಿ ಹೆಚ್ಚಿನವರು ಮುಗ್ಗರಿಸುವುದು ಇಲ್ಲಿ: ಹೆಡರ್ ಸಾಲಿನ ಕೊನೆಗೆ ಕ್ಯಾರೇಜ್ ರಿಟರ್ನ್ ಅಕ್ಷರ ಇರ್ತದೆ. ಕಣ್ಣಿಗೆ ಖಾಲಿ, ಶೆಲ್‌ಗೆ ಖಾಲಿ ಅಲ್ಲ. ಲೂಪ್ ನಿಲ್ಲುವುದೇ ಇಲ್ಲ. ಅದನ್ನು ಅಳಿಸಲು ಟಿಆರ್ -ಡಿ '\ಆರ್' ಮೂಲಕ ಹಾಯಿಸಿ. ಎಚ್‌ಟಿಟಿಪಿ 2ರಲ್ಲಿ ಹೆಡರ್ ಹೆಸರು ಪೂರ್ತಿ ಸಣ್ಣಕ್ಷರದಲ್ಲಿ ಬರ್ತದೆ, ಹಾಗಾಗಿ ಸಾಲು ಹುಡುಕುವ ಗ್ರೆಪ್‌ಗೆ -ಐ ಕೊಡಿ, ಸಣ್ಣ ದೊಡ್ಡ ಅಕ್ಷರ ಎರಡೂ ಒಂದೇ ಅಂತ ನೋಡ್ತದೆ.

ಒಂದೊಂದು ಪುಟವೂ ಒಂದೊಂದು ಅರೇ, ಅಂದರೆ ಪ್ರತ್ಯೇಕ ಪಟ್ಟಿ. ಸುಮ್ಮನೆ ಒಂದರ ಹಿಂದೆ ಒಂದು ಸೇರಿಸಿ ಎಣಿಸಿದರೆ ಒಂದು ಮೊತ್ತ ಬರುವುದಿಲ್ಲ, 237 ಜನ ಇದ್ದರೆ 100, 100, 37 ಅಂತ ಮೂರು ಸಂಖ್ಯೆ ಬರ್ತದೆ. ಜೆಕ್ಯೂ -ಎಸ್ 'ಆ್ಯಡ್ | ಯೂನಿಕ್_ಬೈ(.ಐಡಿ)' ಅಂತ ಹಾಕಿ. ಎರಡು ಪುಟದ ನಡುವೆ ಯಾರನ್ನಾದರೂ ಸೇರಿಸಿದರೆ ಒಬ್ಬರು ಎರಡು ಸಲ ಬರಬಹುದು, ಯೂನಿಕ್ ಅದಕ್ಕೆ.

"ಕೆನಾಟ್ ಇಂಡೆಕ್ಸ್ ಸ್ಟ್ರಿಂಗ್" ಅಂತ ಜೆಕ್ಯೂ ಬೈದರೆ ಫಿಲ್ಟರಿನ ತಪ್ಪಲ್ಲ. ಟೋಕನ್ ಅವಧಿ ಮುಗಿದು ಪಟ್ಟಿಯ ಬದಲು 401ರ ಮೆಸೇಜ್ ಬಂದಿರ್ತದೆ. ಎಪಿಐ ಕರೆಯುವ ಕರ್ಲ್ ಕಮಾಂಡಿಗೆ --ಫೇಲ್ ಕೊಟ್ಟರೆ ಅಲ್ಲೇ ನಿಲ್ತದೆ.

ಇನ್ನು ಡಿ'ಸೋಜ. ಸಿಂಗಲ್ ಕೋಟ್ ಒಳಗೆ ಬರೆದಿದ್ದೀರಿ, ಹೆಸರಿನ ಅಪಾಸ್ಟ್ರಫಿ ಆ ಕೋಟನ್ನು ಮುಚ್ಚಿತು, ಕೊನೆಯದ್ದು ಹೊಸ ಕೋಟ್ ತೆರೆಯಿತು, ಶೆಲ್ ಅದು ಮುಚ್ಚಲಿ ಅಂತ ಕಾಯ್ತಾ ಕೂತಿದೆ. ಡಬಲ್ ಕೋಟ್ ಹಾಕಿ, ಎನ್‌ಕೋಡ್ ಮಾಡುವ ಕೆಲಸ ಕರ್ಲ್‌ಗೇ ಬಿಡಿ: ಕರ್ಲ್ -ಜಿ --ಡೇಟಾ-ಯುಆರ್‌ಎಲ್‌ಎನ್‌ಕೋಡ್ "ಕ್ವೆರಿ=ಡಿ'ಸೋಜ" (-ಜಿ ದೊಡ್ಡ ಅಕ್ಷರದ್ದು). ಆದರೂ ಎಲ್ಲರೂ ಸಿಗುವುದಿಲ್ಲ. ಕೆಲವರು ಫೋನಿನಿಂದ ಬಾಗಿದ ಅಪಾಸ್ಟ್ರಫಿ ಹಾಕಿರ್ತಾರೆ, ಕೆಲವರು ಅದಿಲ್ಲದೆ ಒಟ್ಟಿಗೆ ಬರೆದಿರ್ತಾರೆ. ಕ್ವೆರಿಗೆ ಹೆಸರಿನ ತುಂಡು ಸಾಕು, "ಸೋಜ" ಭಾಗ ಮಾತ್ರ ಕೊಡಿ. ನಮ್ಮೂರಲ್ಲಿ ಶೆಟ್ಟಿ, ಭಟ್, ಪೂಜಾರಿ ಅಂತ ಹುಡುಕಿದರೆ ಅರ್ಧ ಆಫೀಸೇ ಬರ್ತದೆ. ತಿಂಗಳಿಂದ ತಿಂಗಳಿಗೆ ಹೋಲಿಸುವಾಗ ಹೆಸರು ಬೇಡ, ಐಡಿಯೇ ಹಿಡಿಯಿರಿ; ಯೂಸರ್‌ನೇಮನ್ನೂ ಬದಲಿಸಬಹುದು, ಐಡಿ ಬದಲಾಗುವುದಿಲ್ಲ.

ಕೊಡಿಯಾಲ್‌ಬೈಲ್_ಆಪ್ಸ್

/ಆಲ್‌ನಲ್ಲಿ 63 ಸರಿಯಾಗಿ ಬಂತು. ಫಿಲ್ಟರ್ ಆದ ಮೇಲೆ 41. ಅದರಲ್ಲಿ 4 ಜನ ನಮ್ಮಲ್ಲಿ ಇಲ್ಲವೇ ಇಲ್ಲ, ಯೂಸರ್‌ನೇಮ್ ಪ್ರಾಜೆಕ್ಟ್_118_ಬಾಟ್ ಅಂತ ಶುರು ಆಗ್ತದೆ. ಮತ್ತೆ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದಲ್ಲಿ ಹೆಸರು ಹಾಕಿದವರದ್ದು ಪೂರ್ತಿ ಚಿತ್ರಾನ್ನ.

ಮಲ್ಪೆ_ಸ್ಕ್ರಿಪ್ಟ್

ಎಕ್ಸೆಲ್‌ಗೆ ಫೈಲಿನ ಆರಂಭದಲ್ಲಿ ಯುಟಿಎಫ್-8 ಬಿಒಎಂ ಬೇಕು, ಇದು ಯುಟಿಎಫ್-8 ಫೈಲ್ ಅಂತ ತಿಳಿಸುವ ಮೂರು ಬೈಟ್ ಗುರುತು. ಪ್ರಿಂಟ್‌ಎಫ್‌ನಿಂದ ಮೊದಲು ಅದನ್ನು ಬರೆದು ಮತ್ತೆ ಜೆಕ್ಯೂ ಔಟ್‌ಪುಟ್ ಅಂಟಿಸಿ. ಜೆಕ್ಯೂಗೆ -ಆರ್ ಕೊಡದಿದ್ದರೆ ಪ್ರತಿ ಸಾಲಿನಲ್ಲೂ ಬ್ಯಾಕ್‌ಸ್ಲ್ಯಾಶ್ ತುಂಬಿಕೊಳ್ತದೆ.

ಮಣಿಪಾಲ_ಬ್ಯಾಕೆಂಡ್

ಆ ನಾಲ್ಕು ಪ್ರಾಜೆಕ್ಟ್ ಆಕ್ಸೆಸ್ ಟೋಕನ್‌ಗಳು. ಟೋಕನ್ ಒಂದು ಮಾಡಿದರೆ ಗಿಟ್‌ಲ್ಯಾಬ್ ಅದಕ್ಕೊಂದು ಬಾಟ್ ಯೂಸರ್ ಹುಟ್ಟಿಸ್ತದೆ. ಗ್ರೂಪ್ ಟೋಕನ್ನಿನದ್ದು ಗ್ರೂಪ್_ ಅಂತ ಶುರು ಆಗ್ತದೆ. ಜನರ ಪಟ್ಟಿಯಿಂದ ತೆಗೆಯಿರಿ, ಆದರೆ ಎಸೆಯಬೇಡಿ. ಬೇರೆ ಶೀಟಿನಲ್ಲಿ ಕೊಡಿ. ಅವಕ್ಕೂ ಪುಶ್ ಹಕ್ಕು ಉಂಟಲ್ಲ.

ಇನ್ನೊಂದು, ಮೊದಲೇ ಹೇಳಬೇಕಿತ್ತು. "ಪುಶ್ ಮಾಡಬಲ್ಲವರು" ಅಂದರೆ 30 ಮತ್ತು ಮೇಲೆ ಅಂತ ನೀವು ಹಿಡಿದದ್ದು ಸಾಮಾನ್ಯ ಬ್ರಾಂಚಿಗೆ ಸರಿ. ಮೇನ್ ಬ್ರಾಂಚ್ (ಕೋಡಿನ ಮುಖ್ಯ ಪ್ರತಿ) ಪ್ರೊಟೆಕ್ಟೆಡ್ ಆಗಿದ್ದು ಸೆಟ್ಟಿಂಗ್ ಮುಟ್ಟದಿದ್ದರೆ ಅಲ್ಲಿಗೆ ನೇರ ಪುಶ್ 40 ಮತ್ತು ಮೇಲಿನವರಿಗೆ ಮಾತ್ರ. /ಪ್ರಾಜೆಕ್ಟ್ಸ್/118/ಪ್ರೊಟೆಕ್ಟೆಡ್_ಬ್ರಾಂಚಸ್ ಕರೆದು ಪುಶ್_ಆಕ್ಸೆಸ್_ಲೆವೆಲ್ಸ್ ನೋಡಿ. 40 ಇದ್ದರೆ ಫಿಲ್ಟರಿನ 30 ಬದಲಿಸಿ ಇನ್ನೊಂದು ಪಟ್ಟಿ ತೆಗೆಯಿರಿ, 0 ಇದ್ದರೆ ಯಾರೂ ನೇರ ಪುಶ್ ಮಾಡಲಾಗದು. ಯಾವ ಪಟ್ಟಿ ಬೇಕು ಅಂತ ಆಡಿಟ್‌ನವರನ್ನು ಕೇಳಿಯೇ ಕಳಿಸಿ.