ಮನೆಯಂಗಳದಲ್ಲಿ ಕಿಟ್ ಕಾರು: ಹಳೆಯ ಓಮ್ನಿಯ ಎಂಜಿನ್ನಿನಿಂದ ಇಬ್ಬರು ಕೂರುವ ಗಾಡಿ ಕಟ್ಟಬಹುದೇ?

ಬದಿಯಡ್ಕದ ಕೃಷಿಕ:

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ಸ್ವಲ್ಪ ಒಳಗೆ ನಮ್ಮ ಮನೆ. ಅಡಕೆ ಚೀಲ ಹೇರಿಕೊಂಡು ಹೋಗಲೆಂದು ತಂದೆಯವರು ಕೊಂಡಿದ್ದ 2004ರ ಮಾರುತಿ ಓಮ್ನಿಯೊಂದು ಮೂರು ವರ್ಷಗಳಿಂದ ಕೊಟ್ಟಿಗೆಯ ಬದಿಯಲ್ಲಿ ನಿಂತಿದೆ. ಚಾಲಕನ ಕಾಲ ಬುಡದ ತಗಡು ತುಕ್ಕು ಹಿಡಿದು, ಕೂತಲ್ಲಿಂದಲೇ ಅಂಗಳ ಕಾಣುವಷ್ಟು ತೂತಾಗಿದೆ. ಜಾರುವ ಬಾಗಿಲನ್ನು ಹಗ್ಗದಿಂದ ಕಟ್ಟಿಡಬೇಕಾಗಿದೆ. ಆದರೆ ಬ್ಯಾಟರಿ ಜೋಡಿಸಿ ಕೀಲಿ ತಿರುಗಿಸಿದರೆ ಎಂಜಿನ್ನು ಈಗಲೂ ಒಂದೇ ಏಟಿಗೆ ಚಾಲೂ ಆಗುತ್ತದೆ. ಗುಜರಿಯವರು ಎರಡು ಸಲ ಬಂದು ದರ ಕೇಳಿ ಹೋದರು. ಕೊಡಲು ನನಗೆ ಮನಸ್ಸು ಬರಲಿಲ್ಲ.

ಇಂಗ್ಲೆಂಡಿನಲ್ಲಿ ಕಾಲಿನ್ ಚಾಪ್ಮನ್ ಅವರು 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಎಂಬ ಚಿಕ್ಕ ಕಾರಿನ ಬಗ್ಗೆ ಓದಿದ ಮೇಲೆ ಈ ಯೋಚನೆ ತಲೆಯಲ್ಲಿ ಕೂತುಬಿಟ್ಟಿದೆ. ಪೂರ್ತಿ ಜೋಡಿಸಿದ ಕಾರಿಗೆ ಅಲ್ಲಿ ಆಗ ಖರೀದಿ ತೆರಿಗೆ ಇತ್ತು. ಬಿಡಿಭಾಗಗಳಾಗಿ ಕೊಂಡು ಮನೆಯಲ್ಲೇ ಜೋಡಿಸಿಕೊಂಡರೆ ಆ ತೆರಿಗೆ ತಪ್ಪುತ್ತಿತ್ತು ಎಂಬ ಕಾರಣಕ್ಕೆ ಎಷ್ಟೋ ಜನ ತಮ್ಮ ಶೆಡ್ಡಿನಲ್ಲೇ ಕಾರು ಕಟ್ಟಿಕೊಂಡರಂತೆ. ಇಂಥವನ್ನೇ ಕಿಟ್ ಕಾರು ಎನ್ನುತ್ತಾರೆ. ಓಮ್ನಿಯಲ್ಲಿ 796 ಸಿಸಿಯ ಮೂರು ಸಿಲಿಂಡರಿನ ಎಂಜಿನ್ನು ಉದ್ದಕ್ಕೆ ಕೂತಿದೆ, ಅದರ ಹಿಂದೆ ಗೇರ್‌ಬಾಕ್ಸು, ಅಲ್ಲಿಂದ ತಿರುಗುಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟು, ಕೊನೆಗೆ ಹಿಂದಿನ ಆಕ್ಸಲ್. ಸೆವೆನ್ನಿನ ಜೋಡಣೆಯೂ ಇದೇ ಸಾಲಿನದು. ಹಾಗಿರುವಾಗ ಚೌಕ ಪೈಪಿನ ಚಾಸಿಯೊಂದನ್ನು (ಗಾಡಿಯ ಅಡಿಚೌಕಟ್ಟು) ಮಾಡಿ, ಇದೇ ಭಾಗಗಳನ್ನು ಅದಕ್ಕೆ ಕೂರಿಸಲು ಸಾಧ್ಯವಿಲ್ಲವೇ?

ಐಟಿಐಯಲ್ಲಿ ಫಿಟ್ಟರ್ ಕಲಿತಿದ್ದೇನೆ, ವೆಲ್ಡಿಂಗ್ ತಕ್ಕಮಟ್ಟಿಗೆ ಬರುತ್ತದೆ. ಹೀಗೆ ಕಟ್ಟಿದ ಕಾರಿಗೆ ಕಾಸರಗೋಡು ಆರ್‌ಟಿಒದಲ್ಲಿ ನಂಬರು ಸಿಗಬಹುದೇ, ಓಮ್ನಿಯ ಹಳೆಯ ಆರ್‌ಸಿಯಲ್ಲೇ ಓಡಿಸಬಹುದೇ, ಕೆಲಸವನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು. ಮಳೆಗಾಲದಲ್ಲಿ ಅಡಕೆ ಒಣಗಿಸುವ ಸೋಲಾರ್ ಗೂಡು ಖಾಲಿ ಇರುವುದರಿಂದ ಅದರೊಳಗೇ ಕೆಲಸ ಮಾಡೋಣ ಎಂದುಕೊಂಡಿದ್ದೇನೆ.

ವಿದ್ಯಾನಗರದ ವಕೀಲ:

ನಿಮ್ಮ ಉತ್ಸಾಹವನ್ನು ಕುಗ್ಗಿಸುವುದು ನನ್ನ ಉದ್ದೇಶವಲ್ಲ. ಆದರೆ ಮೊದಲ ಪೈಪು ಕತ್ತರಿಸುವ ಮುನ್ನ ಈ ಸಂಗತಿ ನಿಮಗೆ ಸ್ಪಷ್ಟವಾಗಿರಬೇಕು: ಮನೆಯಲ್ಲಿ ಕಟ್ಟಿದ ಕಾರನ್ನು ರಸ್ತೆಗೆ ಇಳಿಸುವ ದಾರಿ ನಮ್ಮಲ್ಲಿ ಮುಚ್ಚಿದೆ ಎಂದೇ ತಿಳಿದು ಮುಂದುವರಿಯಿರಿ.

ಬ್ರಿಟನ್‌ನಲ್ಲಿ ಒಬ್ಬ ವ್ಯಕ್ತಿ ಕಟ್ಟಿದ ಒಂದೇ ಒಂದು ಕಾರನ್ನು ಸರಕಾರದ ಪರೀಕ್ಷಕರು ನೋಡಿ, ಬ್ರೇಕು, ದೀಪ, ಸ್ಟೇರಿಂಗ್, ಚೂಪಾದ ಅಂಚುಗಳು ಎಲ್ಲವನ್ನೂ ಪರಿಶೀಲಿಸಿ ಒಪ್ಪಿಗೆ ಕೊಡುವ ವ್ಯವಸ್ಥೆ ಇದೆ. ನಮ್ಮಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದ ಪ್ರಕಾರ ತಯಾರಕನು ತನ್ನ ಮಾದರಿ ವಾಹನವನ್ನು ಪುಣೆಯ ಎಆರ್‌ಎಐಯಂಥ ವಾಹನ ಪರೀಕ್ಷಾ ಸಂಸ್ಥೆಯಲ್ಲಿ ಪರೀಕ್ಷೆಗೆ ಒಡ್ಡಿ ಪ್ರಮಾಣಪತ್ರ ಪಡೆಯಬೇಕು. ಹೊಗೆ, ಬ್ರೇಕು, ಡಿಕ್ಕಿ ಇವುಗಳ ಪರೀಕ್ಷೆಗೆ ತಗಲುವ ಖರ್ಚು ಸಾವಿರಾರು ವಾಹನಗಳ ಮೇಲೆ ಹಂಚಿಹೋದಾಗ ಮಾತ್ರ ತಾಳಿಕೊಳ್ಳಬಹುದಾದದ್ದು. ಒಂದೇ ಕಾರಿಗಾಗಿ ಮನೆಯವರು ಹೊರುವ ಹೊರೆಯಲ್ಲ ಅದು.

ಇನ್ನು ಓಮ್ನಿಯ ಆರ್‌ಸಿಯ ವಿಷಯ. ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಆತಂಕ ತಂದ ಮಾತು ಇದೇ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ಆರ್‌ಸಿಯಲ್ಲಿ ದಾಖಲಾದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವ ಹಾಗೆ ಮಾಲಕನು ವಾಹನವನ್ನು ಬದಲಾಯಿಸುವಂತಿಲ್ಲ. ಈ ಕಲಮನ್ನು ಸಡಿಲವಾಗಿ ಅರ್ಥೈಸಿದ್ದ ಕೇರಳ ಹೈಕೋರ್ಟಿನ ತೀರ್ಪೊಂದನ್ನು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತಳ್ಳಿಹಾಕಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಕಲಮಿನಲ್ಲಿ ಇಂಥ ಪ್ರತಿಯೊಂದು ಬದಲಾವಣೆಗೂ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡನ್ನೂ ವಿಧಿಸಬಹುದು. ಓಮ್ನಿಯ ನಂಬರು ಫಲಕವನ್ನು ಬೇರೊಂದು ಚಾಸಿಗೆ ಕಟ್ಟಿ ತಲಪಾಡಿ ದಾಟಿ ಮಂಗಳೂರಿಗೆ ಹೋಗಿಬರುವ ಯೋಚನೆಯನ್ನು ಯಾರಾದರೂ ನಿಮ್ಮ ಕಿವಿಗೆ ಹಾಕಿದ್ದರೆ ಅದನ್ನು ಅಲ್ಲಿಗೇ ಬಿಟ್ಟುಬಿಡಿ. ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಆದರೆ ವಿಮೆಯಿಲ್ಲದ ಗಾಡಿ ದಾರಿಹೋಕರೊಬ್ಬರಿಗೆ ಬಡಿದರೆ ಪರಿಹಾರದ ಹಣ ನಿಮ್ಮ ತೋಟದಿಂದಲೇ ಹೋಗಬೇಕಾಗುತ್ತದೆ.

ಸ್ವಂತ ಜಾಗದೊಳಗೆ ಓಡಿಸಲು ನೋಂದಣಿಯ ಅಡ್ಡಿಯಿಲ್ಲ. ಆದರೆ 'ಸಾರ್ವಜನಿಕ ಸ್ಥಳ' ಎಂಬುದಕ್ಕೆ ಕಾಯ್ದೆ ಕೊಡುವ ಅರ್ಥ ವಿಶಾಲವಾದದ್ದು. ಜನರಿಗೆ ಓಡಾಡುವ ಹಕ್ಕಿರುವ ಜಾಗವೆಲ್ಲ ಅದರೊಳಗೆ ಬರುತ್ತದೆ. ನಿಮ್ಮ ತೋಟದ ನಡುವೆ ಪಂಚಾಯತು ರಸ್ತೆ ಹಾದುಹೋಗಿದ್ದರೆ ಈ ಕಡೆಯ ಗುಡ್ಡದಿಂದ ಆ ಕಡೆಯ ಗದ್ದೆಗೆ ದಾಟುವ ಇಪ್ಪತ್ತು ಅಡಿಯೂ ಸಾರ್ವಜನಿಕ ಸ್ಥಳವೇ.

ಓಮ್ನಿಯನ್ನು ಬಿಚ್ಚುವುದು ಖಚಿತವಾದರೆ 55ನೇ ಕಲಮಿನಂತೆ ಹದಿನಾಲ್ಕು ದಿನಗಳೊಳಗೆ ಆರ್‌ಟಿಒಗೆ ತಿಳಿಸಿ ಆರ್‌ಸಿ ಒಪ್ಪಿಸಿ, ನೋಂದಣಿಯನ್ನು ರದ್ದು ಮಾಡಿಸಿಕೊಳ್ಳಿ. ಬಾಕಿ ತೆರಿಗೆ ಇದ್ದರೆ ಅದನ್ನು ಮೊದಲು ತೀರಿಸಬೇಕಾಗುತ್ತದೆ. ಆರ್‌ಸಿ ತಂದೆಯವರ ಹೆಸರಿನಲ್ಲೇ ಇದ್ದರೆ ಸಹಿಯೂ ಅವರದೇ ಬೇಕು.

ಮುಳ್ಳೇರಿಯ ವರ್ಕ್‌ಶಾಪ್:

ವಕೀಲರು ಹೇಳಿದ್ದನ್ನು ಒಪ್ಪಿಕೊಂಡು, ತೋಟದೊಳಗೆ ಮಾತ್ರ ಓಡಿಸುವ ಗಾಡಿ ಎಂದು ತೀರ್ಮಾನಿಸಿ ಹೊರಟರೆ ಇದಕ್ಕಿಂತ ಒಳ್ಳೆಯ ಕೆಲಸ ಬೇರೆಯಿಲ್ಲ. ಹನ್ನೊಂದು ವರ್ಷದ ಹಿಂದೆ ನಾನೂ ಓಮ್ನಿಯದೇ ಎಂಜಿನ್ನು ಮತ್ತು ಆಕ್ಸಲ್ ಇಟ್ಟು ಗುಡ್ಡ ಹತ್ತುವ ಬಗ್ಗಿಯೊಂದನ್ನು ಕಟ್ಟಿದ್ದೇನೆ. ಇಂದಿಗೂ ಅದು ಗೊಬ್ಬರದ ಚೀಲ ಹೊತ್ತು ಓಡುತ್ತಿದೆ. ಆಗ ನಾನು ಮಾಡಿದ ತಪ್ಪುಗಳನ್ನು ವಿವರವಾಗಿ ಹೇಳುತ್ತೇನೆ, ಏಕೆಂದರೆ ಅವು ನಮ್ಮ ಊರಿನ ಮನೆಗಳಲ್ಲೇ ಆಗುವಂಥವು.

ಅಡಕೆ ಒಣಗಿಸುವ ಸಿಮೆಂಟಿನ ಅಂಗಳ ಮಟ್ಟವಾಗಿದೆ ಎಂದು ನಂಬಿ ಅದರ ಮೇಲೆಯೇ ಪೈಪುಗಳನ್ನು ಹರಡಿ ಜೋಡಿಸಿದ್ದೆ. ಮಳೆನೀರು ಹರಿದುಹೋಗಲೆಂದು ಅಂಗಳಕ್ಕೆ ಇಳಿಜಾರು ಕೊಟ್ಟಿರುತ್ತಾರೆ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ. ಅದು ಸಾಲದೆಂಬಂತೆ, ಒಂದು ಭಾನುವಾರ ಬಲಬದಿಯ ಜಾಯಿಂಟುಗಳನ್ನೆಲ್ಲ ಒಂದೇ ಸಮನೆ ಪೂರ್ತಿ ವೆಲ್ಡ್ ಮಾಡಿ ಮುಗಿಸಿದೆ. ಮರುದಿನ ಬೆಳಿಗ್ಗೆ ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಒಂದು ಕರ್ಣಕ್ಕೂ ಇನ್ನೊಂದಕ್ಕೂ 11 ಮಿಲಿಮೀಟರ್ ವ್ಯತ್ಯಾಸ! ಕಬ್ಬಿಣ ಬಿಸಿಯಾಗಿ ತಣಿಯುವಾಗ ವೆಲ್ಡ್ ಮಾಡಿದ ಕಡೆಗೆ ಎಳೆದುಕೊಳ್ಳುತ್ತದೆ. ಆರು ಜಾಯಿಂಟುಗಳನ್ನು ಗ್ರೈಂಡರಿನಿಂದ ಕತ್ತರಿಸಿ ಬಿಡಿಸಬೇಕಾಯಿತು. ಎರಡು ಪೈಪು ಹಾಳಾಯಿತು.

ಆದ್ದರಿಂದ ಮೊದಲು ಎರಡು ಉದ್ದನೆಯ ಐ-ಸೆಕ್ಷನ್ ತೊಲೆಗಳನ್ನು ಮುರಕಲ್ಲಿನ ಮೇಲಿಟ್ಟು, ನೀರು ತುಂಬಿದ ಟ್ಯೂಬಿನಿಂದ ನಾಲ್ಕು ಮೂಲೆಗಳನ್ನೂ ಮಟ್ಟ ಮಾಡಿಕೊಳ್ಳಿ. ಗಾಡಿಗಿಂತ ಮೊದಲು ಕಟ್ಟಬೇಕಾದದ್ದು ಈ ಮೇಜನ್ನು. ಚಾಸಿಯ ಎಲ್ಲ ಪೈಪುಗಳಿಗೂ ಮೊದಲು ಟ್ಯಾಕ್ (ತಾತ್ಕಾಲಿಕವಾಗಿ ಹಿಡಿದಿಡುವ ಚುಕ್ಕೆ ವೆಲ್ಡ್) ಮಾತ್ರ ಹಾಕಿ, ಕರ್ಣಗಳನ್ನು ಅಳೆದು, ಆಮೇಲೆ ಎಡಕ್ಕೊಂದು ಬಲಕ್ಕೊಂದು, ಮುಂದಕ್ಕೊಂದು ಹಿಂದಕ್ಕೊಂದು ಎಂಬಂತೆ ಸ್ವಲ್ಪ ಸ್ವಲ್ಪವೇ ವೆಲ್ಡ್ ಮಾಡುತ್ತ ಹೋಗಿ. ಸೆವೆನ್ ಮಾದರಿಯ ಚಾಸಿಗೆ ಸಾಮಾನ್ಯವಾಗಿ 25 ಮಿಲಿಮೀಟರಿನ ಚೌಕ ಪೈಪು, 1.6 ಮಿಲಿಮೀಟರ್ ದಪ್ಪದ್ದು ಬಳಸುತ್ತಾರೆ. ಗೇಟು, ಗ್ರಿಲ್ ಮಾಡುವ ಕಡ್ಡಿ ವೆಲ್ಡಿಂಗಿನಲ್ಲಿ ಇಷ್ಟು ತೆಳ್ಳಗಿನ ಪೈಪು ಸುಲಭವಾಗಿ ತೂತಾಗುತ್ತದೆ. ಕಡ್ಡಿಯ ಬದಲು ತಂತಿ ಮತ್ತು ಗ್ಯಾಸಿನಿಂದ ವೆಲ್ಡ್ ಮಾಡುವ ಮಿಗ್ ಮಿಷನ್ ಒಳ್ಳೆಯದು. ಆದರೆ ಗಾಳಿ ಬೀಸುವಲ್ಲಿ ಅದರ ಗ್ಯಾಸು ಹಾರಿಹೋಗಿ ವೆಲ್ಡಿನೊಳಗೆ ಸಣ್ಣ ಸಣ್ಣ ರಂಧ್ರಗಳಾಗುತ್ತವೆ, ಆಷಾಢದ ಪಡುಗಾಳಿಗಂತೂ ಕೇಳುವುದೇ ಬೇಡ. ಸ್ಪ್ರಿಂಕ್ಲರಿನ ಹಳೆಯ ಜಿಐ ಪೈಪು ಮನೆಯಲ್ಲಿ ರಾಶಿ ಬಿದ್ದಿರುತ್ತದೆ. ಅದನ್ನು ಉಪಯೋಗಿಸುವ ಆಸೆ ಬೇಡ. ಅದರ ಸತುವಿನ ಹೊಗೆ ಕುಡಿದು ಒಂದು ರಾತ್ರಿ ಚಳಿಜ್ವರದಲ್ಲಿ ನಡುಗಿದವನು ನಾನು.

ಇನ್ನೊಂದು ಮಾತನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಸೋಲಾರ್ ಗೂಡಿನೊಳಗೆ ವೆಲ್ಡಿಂಗ್ ಖಂಡಿತ ಬೇಡ. ಮೇಲೆ ಪ್ಲಾಸ್ಟಿಕ್ ಶೀಟು, ಮೂಲೆಯಲ್ಲಿ ಅಡಕೆ ಸಿಪ್ಪೆಯ ಪುಡಿ, ಸುತ್ತ ಒಣಗಿದ ಸೋಗೆ. ಗ್ರೈಂಡರಿನ ಒಂದು ಕಿಡಿ ಸಿಪ್ಪೆಯೊಳಗೆ ಸೇರಿದರೆ ನೀವು ಊಟಕ್ಕೆ ಹೋದ ಹೊತ್ತಿನಲ್ಲಿ ಅದು ಹೊಗೆಯಾಡಲು ಶುರುವಾಗುತ್ತದೆ. ಓಮ್ನಿಯ ಪೆಟ್ರೋಲ್ ಟ್ಯಾಂಕನ್ನು ಮೊದಲ ದಿನವೇ ಬಿಚ್ಚಿ ದೂರವಿಡಿ, ಎಷ್ಟು ತೊಳೆದರೂ ಅದಕ್ಕೆ ವೆಲ್ಡಿಂಗ್ ತಾಗಿಸಬೇಡಿ.

ಪ್ರೊಪೆಲ್ಲರ್ ಶಾಫ್ಟನ್ನು ಚಿಕ್ಕದು ಮಾಡಬೇಕಾಗುತ್ತದೆ. ಅದನ್ನು ಲೇತಿನವರಿಗೇ ಕೊಟ್ಟು ಬ್ಯಾಲೆನ್ಸ್ ಮಾಡಿಸಿ. ಗಾಡಿ ಹಗುರಾದಾಗ ಹಿಂದಿನ ಪಟ್ಟೆ ಸ್ಪ್ರಿಂಗು ಕಲ್ಲಿನಂತೆ ಗಟ್ಟಿಯಾಗುವುದರಿಂದ ಒಂದೆರಡು ಪಟ್ಟೆ ತೆಗೆಯಬೇಕಾಗಬಹುದು. ಓಮ್ನಿಯ ತೂಕಕ್ಕೆಂದು ಹೊಂದಿಸಿದ ಹಿಂಬದಿಯ ಬ್ರೇಕು ಹಗುರ ಗಾಡಿಯಲ್ಲಿ ಬೇಗ ಹಿಡಿದು ಹಿಂದಿನ ಚಕ್ರಗಳೇ ಮೊದಲು ಜಾರಬಹುದು. ಖಾಲಿ ಜಾಗದಲ್ಲಿ ನಿಧಾನಕ್ಕೆ ಓಡಿಸಿ ಇದನ್ನು ಪರೀಕ್ಷಿಸಿಕೊಳ್ಳಿ. ಸ್ಟೇರಿಂಗ್ ಕೋಲನ್ನು ಮಾತ್ರ ಕತ್ತರಿಸಿ ವೆಲ್ಡ್ ಮಾಡುವ ಗೋಜಿಗೆ ಹೋಗಬೇಡಿ, ಕಂಪನಿಯ ಜಾಯಿಂಟುಗಳನ್ನೇ ಬಳಸಿ.

ಉಪ್ಪಳದ ಉಪನ್ಯಾಸಕ:

ಮಂಗಳೂರಿನ ಕಾಲೇಜೊಂದರಲ್ಲಿ ಮೆಕ್ಯಾನಿಕಲ್ ವಿಭಾಗದಲ್ಲಿ ಪಾಠ ಮಾಡುವವನಾಗಿ ಒಂದು ವಿಷಯ ಸೇರಿಸಬಯಸುತ್ತೇನೆ. ಓಮ್ನಿಯ ಭಾಗಗಳಿಂದ ಸೆವೆನ್ ಎಂಬ ನಿಮ್ಮ ಯೋಚನೆ ಹುಚ್ಚು ಯೋಚನೆಯೇನೂ ಅಲ್ಲ. ಲೋಟಸ್‌ನಿಂದ 1973ರಲ್ಲಿ ಸೆವೆನ್ನಿನ ಹಕ್ಕು ಪಡೆದ ಕೇಟರ್‌ಹ್ಯಾಮ್ ಕಂಪನಿಯು ತನ್ನ ಸೆವೆನ್ 160 ಎಂಬ ಮಾದರಿಗೆ ಸುಜುಕಿಯ 660 ಸಿಸಿಯ ಮೂರು ಸಿಲಿಂಡರ್ ಟರ್ಬೊ ಎಂಜಿನ್ನನ್ನೂ ಸುಜುಕಿಯದೇ ಹಿಂದಿನ ಆಕ್ಸಲನ್ನೂ ಹಾಕಿತು. ಸುಮಾರು 490 ಕಿಲೊ ತೂಕದ ಕಾರಿಗೆ 80 ಅಶ್ವಶಕ್ತಿ. ನಿಮ್ಮ ಎಂಜಿನ್ನಿನ ಶಕ್ತಿ ಅದರ ಅರ್ಧಕ್ಕೂ ಕಡಿಮೆ. ಆದರೆ ಗಾಡಿ ಹಗುರವಿದ್ದರೆ ತೋಟದ ದಾರಿಗೆ ಅದು ಧಾರಾಳ ಸಾಕು.

ನಮ್ಮ ದೇಶದಲ್ಲೂ ಇದಕ್ಕೊಂದು ಪರಂಪರೆ ಇದೆ. ಕೊಯಮತ್ತೂರಿನ ಎಸ್. ಕರಿವರ್ಧನ್ ಅವರು ಮಾರುತಿ 800ರ ಎಂಜಿನ್ನನ್ನು ಇಟ್ಟು ಒಬ್ಬರೇ ಕೂರುವ ಫಾರ್ಮುಲಾ ಮಾರುತಿ ರೇಸು ಕಾರುಗಳನ್ನು ರೂಪಿಸಿದರು. ಅಲ್ಲಿನ ಕಾರಿ ಮೋಟಾರ್ ಸ್ಪೀಡ್‌ವೇ ಅವರ ಹೆಸರನ್ನೇ ಹೊತ್ತಿದೆ. ಈಗ ಅದೇ ಟ್ರ್ಯಾಕಿನಲ್ಲಿ ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರುಗಳೊಂದಿಗೆ ಫಾರ್ಮುಲಾ ಭಾರತ್ ಸ್ಪರ್ಧೆಗೆ ಬರುತ್ತಾರೆ. ಇಂಥ ಸ್ಪರ್ಧೆಗಳಲ್ಲಿ ಗಾಡಿ ಓಡುವ ಮುನ್ನ ಪರಿಶೀಲಕರು ಚಾಸಿಯ ಪೈಪು, ರೋಲ್ ಬಾರು (ಗಾಡಿ ಮಗುಚಿದರೆ ತಲೆ ಕಾಯುವ ಕಮಾನು), ಬೆಲ್ಟು ಇವುಗಳನ್ನೆಲ್ಲ ಒಂದೊಂದಾಗಿ ನೋಡುತ್ತಾರೆ. ಸರಕಾರದ ಪರೀಕ್ಷೆ ನಿಮಗೆ ಇಲ್ಲದಿದ್ದರೂ ಅಂಥ ಕಣ್ಣು ನಿಮ್ಮ ಗಾಡಿಯ ಮೇಲೆ ಬೀಳಲೇಬೇಕು. ಟ್ಯಾಕ್ ಮುಗಿದ ಮೇಲೆ, ಪೂರ್ತಿ ವೆಲ್ಡಿಂಗಿನ ಮುನ್ನ ತಿಳಿಸಿದರೆ ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಬರುತ್ತೇನೆ. ಅವರಿಗೂ ಅದೊಂದು ಪಾಠ. ಗುಡ್ಡದ ಇಳಿಜಾರಿನಲ್ಲಿ ಓಡಿಸುವವರಾದ್ದರಿಂದ ರೋಲ್ ಬಾರು ಇಲ್ಲದೆ ಕಾರು ಹೊರಗೆ ಬರಬಾರದು.

ಬದಿಯಡ್ಕದ ಕೃಷಿಕ:

ಮೂವರಿಗೂ ಮನಃಪೂರ್ವಕ ಧನ್ಯವಾದ. ನಿನ್ನೆ ರಾತ್ರಿ ಊಟದ ಹೊತ್ತಿಗೆ ತಂದೆಯವರಿಗೆ ಎಲ್ಲವನ್ನೂ ಓದಿ ಹೇಳಿದೆ. ರಸ್ತೆಗೆ ಇಳಿಸುವ ಆಸೆ ಬಿಟ್ಟಿದ್ದೇನೆ. ಬಿಡುವಾಗ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನಮ್ಮ ಗುಡ್ಡದ ಮೇಲೆ ಗೇರು ಮರಗಳ ನಡುವೆ ಸುತ್ತುಹಾಕಿ ಬರುವ ಹಳೆಯ ಗಾಡಿದಾರಿ ಇದೆ, ಪಂಚಾಯತು ರಸ್ತೆ ಅದಕ್ಕೆ ಎಲ್ಲೂ ತಾಗುವುದಿಲ್ಲ.

ಮುಳ್ಳೇರಿಯದವರಲ್ಲಿ ಒಂದು ವಿಚಾರ ಕೇಳಲಿಕ್ಕಿದೆ. ಸೋಲಾರ್ ಗೂಡನ್ನು ಬಿಟ್ಟರೆ ನನಗಿರುವುದು ಹೆಂಚಿನ ಮಾಡಿನ ಹಳೆಯ ಕೊಟ್ಟಿಗೆ. ಮೂರು ಬದಿ ಮುರಕಲ್ಲಿನ ಗೋಡೆ, ನೆಲಕ್ಕೆ ಕಾವಿ. ಅದು ಆಗಬಹುದೇ? ಮಳೆಗಾಲದಲ್ಲಿ ಬರಿಯ ಪೈಪಿಗೆ ತುಕ್ಕು ಹಿಡಿಯುವುದನ್ನು ಹೇಗೆ ತಡೆಯುವುದು?

ಮುಳ್ಳೇರಿಯ ವರ್ಕ್‌ಶಾಪ್:

ಕೊಟ್ಟಿಗೆ ಬಹಳ ಒಳ್ಳೆಯದು, ಅಟ್ಟದಲ್ಲಿ ಹುಲ್ಲು ಇದ್ದರೆ ಮೊದಲು ಇಳಿಸಿ. ಬಾಗಿಲ ಬಳಿ ಎರಡು ಬಕೆಟು ನೀರು, ಒಂದು ಬುಟ್ಟಿ ಮರಳು ಯಾವಾಗಲೂ ಇರಲಿ. ವಿದ್ಯುತ್ತನ್ನು ಮನೆಯ ಲೈನಿನಿಂದಲೇ ತೆಗೆಯಿರಿ, ಕೃಷಿ ಪಂಪಿನ ಸಂಪರ್ಕದಿಂದ ಎಳೆಯಬೇಡಿ. ಅದನ್ನು ಕೊಟ್ಟಿರುವುದು ಬೇರೆ ದರದಲ್ಲಿ, ಬೇರೆ ಉದ್ದೇಶಕ್ಕೆ. ಸಂಜೆ ವೋಲ್ಟೇಜು ಇಳಿಯುವ ಮುನ್ನ ಕೆಲಸ ಮುಗಿಸಿ.

ತುಕ್ಕಿನ ಬಗ್ಗೆ: ಮಳೆಗಾಲದಲ್ಲಿ ಉಜ್ಜಿ ಬೆಳ್ಳಗೆ ಮಾಡಿದ ಕಬ್ಬಿಣ ಒಂದು ರಾತ್ರಿಯಲ್ಲಿ ಕೆಂಪಾಗುತ್ತದೆ. ಅಂದಂದು ವೆಲ್ಡ್ ಮಾಡಿದ ಜಾಯಿಂಟನ್ನು ಅಂದೇ ಉಜ್ಜಿ ಪ್ರೈಮರ್ ಹಚ್ಚಿಬಿಡಿ. ಪೈಪಿನ ಬಾಯಿಗಳನ್ನೆಲ್ಲ ತುಂಡು ತಗಡು ಇಟ್ಟು ಮುಚ್ಚಿ, ಒಳಗೆ ನೀರು ನಿಂತರೆ ಹೊರಗಿನ ಬಣ್ಣ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಐ-ಸೆಕ್ಷನ್ ತೊಲೆ ಎರಡು ನನ್ನಲ್ಲಿ ಸುಮ್ಮನೆ ಬಿದ್ದಿವೆ. ಪಿಕಪ್ ತೆಗೆದುಕೊಂಡು ಬನ್ನಿ, ಕಾರು ಮುಗಿದ ಮೇಲೆ ಹಿಂದೆ ಕೊಟ್ಟರೆ ಸಾಕು.

ಬದಿಯಡ್ಕದ ಕೃಷಿಕ:

ಬರುವ ಶನಿವಾರ ಬರುತ್ತೇನೆ ಅಣ್ಣಾ. ಅದಕ್ಕೂ ಮೊದಲು, ಗುರುವಾರ, ತಂದೆಯವರನ್ನು ಕರೆದುಕೊಂಡು ಕಾಸರಗೋಡಿಗೆ ಹೋಗಿ ಆರ್‌ಸಿ ರದ್ದತಿಯ ಅರ್ಜಿ ಕೊಡಲಿದ್ದೇನೆ. ಬಾಕಿ ತೆರಿಗೆಯ ಲೆಕ್ಕ ಅಲ್ಲಿ ಕೇಳಿ ತಿಳಿದು ಇಲ್ಲಿ ಬರೆಯುತ್ತೇನೆ.